ಏಸಿ-ರೆಫ್ರಿಜರೇಶನ್ ಲೈನ್‌ಗೆ ಬರೋರು ಏನು ಓದ್ಬೇಕು, ಕೆಲಸ ಎಲ್ಲಿ ಸಿಗುತ್ತೆ

ಎಸ್ಸೆಸ್ಸೆಲ್ಸಿ ಆಗಿದ್ರೆ ಐಟಿಐಲಿ ರೆಫ್ರಿಜರೇಶನ್ ಅಂಡ್ ಏರ್ ಕಂಡೀಷನಿಂಗ್ ಟ್ರೇಡ್ ಇದೆ, 2 ವರ್ಷದ್ದು. ಮೆಕ್ಯಾನಿಕಲ್ ಡಿಪ್ಲೊಮಾ, ಬಿಇ ಮಾಡ್ತಿರೋರು ಆಮೇಲೆ ಡಿಸೈನ್ ಕಡೆ ಹೋಗ್ಬೋದು, ಅಲ್ಲಿ ಹೀಟ್ ಲೋಡ್ (ರೂಮಿಂದ ಎಷ್ಟು ಶಾಖ ತೆಗೀಬೇಕು ಅನ್ನೋದು) ಲೆಕ್ಕ, ಡಕ್ಟ್ (ಗಾಳಿ ಸಾಗಿಸೋ ಕೊಳವೆ) ಡ್ರಾಯಿಂಗು ಬರ್ಲೇಬೇಕು.

ಸೇರೋಕ್ ಮುಂಚೆ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ವ್ಯಾಕ್ಯೂಮ್ ಪಂಪು, ಪ್ರೆಶರ್ ನೋಡೋ ಗೇಜು, ತಾಮ್ರದ ಪೈಪ್ ಬೆಸೆಯೋ ಬ್ರೇಜಿಂಗ್ ಸೆಟ್ಟು ದಿನಾ ಬಳಸ್ತಿರೋ ಥರ ಕಾಣ್ಬೇಕು, ಧೂಳು ಹಿಡಿದಿದ್ರೆ ಬೇರೆ ಕಾಲೇಜ್ ಹುಡ್ಕಿ!

ಎಲ್ಲರೂ ಗ್ಯಾಸ್ ತುಂಬೋದನ್ನೇ ಕಲೀತಾರೆ ಆದ್ರೆ ಎಷ್ಟೋ ಕಂಪ್ಲೇಂಟ್ ಕರೆಂಟಿನವೇ, ಕೆಪಾಸಿಟರ್, ಕಾಂಟ್ಯಾಕ್ಟರ್ (ಕರೆಂಟ್ ಆನ್-ಆಫ್ ಮಾಡೋ ಸ್ವಿಚ್ಚು), ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡು) ಅಂತ, ಅದಕ್ಕೆ ಮಲ್ಟಿಮೀಟರ್ ಮೊದ್ಲು ಕೈಗೆ ಬರ್ಲಿ. ಈಗಿನ ಸ್ಪ್ಲಿಟ್ ಏಸಿಗಳಲ್ಲಿ ತಂಪು ಮಾಡೋಕೆ ಜಾಸ್ತಿ ಬಳಸೋದು ಆರ್-32, ಅದು ಬೆಂಕಿ ಹತ್ಕೊಳ್ಳೋ ಗ್ಯಾಸು, ಆರ್-290 ಅಂತೂ ಪ್ರೊಪೇನೇ, ಹಳೇ ಆರ್-22 ಓಜೋನ್‌ಗೆ ಹಾನಿ ಅಂತ ಹಂತಹಂತವಾಗಿ ಹೋಗ್ತಿದೆ. ಲೀಕ್ ಟೆಸ್ಟ್ ನೈಟ್ರೋಜನ್‌ನಲ್ಲೇ ಮಾಡಿ, ಆಕ್ಸಿಜನ್ ಅಪ್ಪಿತಪ್ಪಿಯೂ ಬೇಡ, ಕಂಪ್ರೆಸರ್ ಎಣ್ಣೆ ಜತೆ ಸೇರಿದ್ರೆ ಸಿಡಿಯುತ್ತೆ. ಈ ಒಂದು ಮಾತು ಗಟ್ಟಿಯಾಗಿ ನೆನಪಿಟ್ಕೊಳ್ಳಿ.

ಮನೆ ಏಸಿ ಸರ್ವಿಸ್ ಬೇಸಿಗೆ ಕೆಲಸ, ಮಳೆಗಾಲ ಬಂದ್ರೆ ಕೆಲಸ ಕಮ್ಮಿ. ವರ್ಷಪೂರ್ತಿ ಬೇಕಂದ್ರೆ ಆಸ್ಪತ್ರೆ ಓಟಿ, ಔಷಧಿ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜ್, ಬೆಂಗಳೂರಿನ ಡೇಟಾ ಸೆಂಟರ್ ಕಡೆ ನೋಡಿ, ಚಿಲ್ಲರ್ (ನೀರು ತಂಪು ಮಾಡೋ ದೊಡ್ಡ ಮೆಷಿನ್ನು) ಆಪರೇಟರ್, ಬಿಎಂಎಸ್ (ಕಟ್ಟಡದ ಏಸಿ, ಕರೆಂಟ್ ಎಲ್ಲ ಕಂಪ್ಯೂಟರಲ್ಲೇ ನೋಡ್ಕೊಳ್ಳೋ ವ್ಯವಸ್ಥೆ) ಆಪರೇಟರ್ ಅಂತ ಶಿಫ್ಟ್ ಕೆಲಸ ಇರುತ್ತೆ. ಗಲ್ಫಿಗೆ ಹೋಗೋ ಪ್ಲಾನ್ ಇದ್ರೆ ಸರ್ಟಿಫಿಕೇಟ್ ಜತೆ ಅನುಭವದ ಲೆಟರೂ ಕೇಳ್ತಾರೆ, ಕೆಲಸ ಬಿಡೋ ದಿನವೇ ಬರೆಸ್ಕೊಳ್ಳಿ.