ಅರ್ಧ ರಸ್ತೆ ದಾಟಿ ನಿಲ್ಲಲು ಒಂದು ಕಟ್ಟೆ: ಕಂಕನಾಡಿ ಬದಿಯಲ್ಲಿ ನಾವು ಮಾಡಿದ್ದು

"ವಾರದೊಳಗೆ ಬಸ್ಸು ಗುದ್ದಿ ಪುಡಿ ಮಾಡುತ್ತದೆ" ಎಂದು ಹೇಳದವರೇ ಇರಲಿಲ್ಲ. ಇಂಜಿನಿಯರ್ ಹೇಳಿದರು, ಬಸ್ಸಿನವರು ಹೇಳಿದರು, ಹಣ ಕೊಟ್ಟ ಅಂಗಡಿಯವರೂ ಹೇಳಿದರು. ಈಗ ಎರಡು ಮಳೆಗಾಲ ಕಳೆದಿದೆ. ರಸ್ತೆ ನಡುವಿನ ಕಟ್ಟೆ ಹಾಗೇ ಇದೆ. ಮೂತಿಯ (ಗಾಡಿಗೆ ಎದುರಾಗುವ ತುದಿಯ) ಹತ್ತಿರ ಒಂದು ಕರ್ಬ್ ಕಲ್ಲು (ಅಂಚಿನ ಕಲ್ಲು) ಬದಲಾಯಿಸಿದ್ದು ಬಿಟ್ಟರೆ ಬೇರೆ ರಿಪೇರಿ ಬಂದಿಲ್ಲ. ಈ ಕೆಲಸ ಆಗುತ್ತದೆ ಎಂದು ಈಗ ಧೈರ್ಯವಾಗಿ ಹೇಳಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಜಾಗ ಮಂಗಳೂರಿನ ಕಂಕನಾಡಿ ಬದಿ. ಅದಕ್ಕಿಂತ ಜಾಸ್ತಿ ಗುರುತು ಬೇಡ, ದಿನಾ ಓಡಾಡುವವರಿಗೆ ಗೊತ್ತಾಗುತ್ತದೆ. ಸುಮಾರು 14 ಮೀಟರ್ ಅಗಲದ ಡಾಂಬರು ರಸ್ತೆ, ಡಿವೈಡರ್ ಇಲ್ಲ. ಒಂದು ಬದಿಯಲ್ಲಿ ಮೀನು ಮಾರ್ಕೆಟ್ಟಿಗೆ ಹೋಗುವ ಓಣಿ, ಇನ್ನೊಂದು ಬದಿಯಲ್ಲಿ ಶಾಲೆ, ಮೆಡಿಕಲ್ ಶಾಪ್, ಬಸ್ ಸ್ಟಾಪ್. ಆಚೆ ನೂರು ಮೀಟರ್ ಹೋದರೆ ತಿರುವು. ನನ್ನ ಕಸುಬು ಇಂಟರ್‌ಲಾಕ್, ಚರಂಡಿ, ಕರ್ಬ್ ಕೆಲಸ. ಝೀಬ್ರಾ ಎಂದರೆ ದಾಟುವ ಜಾಗದ ಬಿಳಿ ಪಟ್ಟಿ, ಥರ್ಮೋಪ್ಲಾಸ್ಟಿಕ್ ಎಂದರೆ ಕಾಯಿಸಿ ರಸ್ತೆಗೆ ಹಚ್ಚುವ ದಪ್ಪ ಬಣ್ಣ. ಅದಕ್ಕಿಂತ ಜಾಸ್ತಿ ವಿವರಿಸಲು ಹೋಗುವುದಿಲ್ಲ.

ಮೊದಲು ಹಣ ಎಲ್ಲೆಲ್ಲಿ ನೀರಾಯಿತು ಹೇಳುತ್ತೇನೆ. ಏಪ್ರಿಲ್‌ನಲ್ಲಿ ಬಳಿದ ಸಾದಾ ಪೇಂಟ್ ಝೀಬ್ರಾ ಜುಲೈಗೆ ಮಾಯ. ಆಮೇಲೆ ಒಬ್ಬ ದಾನಿಗಳು ಉತ್ಸಾಹದಲ್ಲಿ ತ್ರೀಡಿ ಝೀಬ್ರಾ (ಎದ್ದು ನಿಂತ ಹಾಗೆ ಕಾಣುವ ಪಟ್ಟಿ) ಬರೆಸಿದರು, 30 ಸಾವಿರದ ಹತ್ತಿರ ಬಿತ್ತು. ಮೊದಲ ವಾರ ಎಲ್ಲರೂ ಬ್ರೇಕ್ ಹಾಕಿದರು, ಫೋಟೋ ತೆಗೆದರು. ಮೂರನೇ ವಾರಕ್ಕೆ ಯಾರೂ ಕ್ಯಾರೇ ಅನ್ನಲಿಲ್ಲ. ದಿನಾ ಅದೇ ದಾರಿಯಲ್ಲಿ ಬರುವ ಸಿಟಿ ಬಸ್ಸಿನ ಡ್ರೈವರ್‌ಗೆ ಅದು ಬರೀ ಚಿತ್ರ ಎಂದು ಗೊತ್ತಾದ ಮೇಲೆ ಮುಗಿಯಿತು. ಸೋಲಾರ್ ಬ್ಲಿಂಕರ್ ಎರಡು ಹಾಕಿದೆವು, ಒಂದಕ್ಕೆ 18 ಸಾವಿರದ ಆಸುಪಾಸು. ಜೂನ್ ಬಂದು ವಾರಗಟ್ಟಲೆ ಮೋಡ ಮುಸುಕಿದಾಗ ಬ್ಯಾಟರಿ ಏಳಲೇ ಇಲ್ಲ. ನಿಜವಾಗಿ ಬೇಕಾದ ನಾಲ್ಕು ತಿಂಗಳು ಅದು ಸತ್ತಿತ್ತು. ನಮ್ಮ ಕರಾವಳಿಗೆ ಸಣ್ಣ ಪ್ಯಾನೆಲ್ಲಿನ ಬ್ಲಿಂಕರ್ ಬೇಡವೇ ಬೇಡ, ಕರೆಂಟ್ ಲೈನಿನಿಂದ ಕೊಡಿ. ರಬ್ಬರ್ ಹಂಪ್ಸ್ ಕೂಡ ಹಾಕಿದ್ದುಂಟು. ಬೋಲ್ಟ್ ಸಡಿಲವಾಗಿ ಎದ್ದು ಬಂತು, ಆಂಬ್ಯುಲೆನ್ಸ್‌ನವರು ಬೈದರು, ತೆಗೆಸಿದೆವು.

ಓವರ್‌ಬ್ರಿಡ್ಜ್ ಸಲಹೆಯೂ ಬಂತು. ರಸ್ತೆಯಿಂದ ಐದೂವರೆ ಮೀಟರ್ ಮೇಲೆ ಇರಬೇಕು, ಅದರ ದಪ್ಪ ಸೇರಿದರೆ ಹತ್ತಲು 40 ಮೆಟ್ಟಿಲು. ಮೀನಿನ ಬುಟ್ಟಿ ಹೊತ್ತವರು 40 ಮೆಟ್ಟಿಲು ಹತ್ತಿ ಇಳಿಯುತ್ತಾರಾ?

ದಾರಿ ತೋರಿಸಿದ್ದೇ ಆ ಮೀನು ಮಾರುವ ಅಕ್ಕಂದಿರು. ಬೆಳಿಗ್ಗೆ ಅವರು ದಾಟುವುದನ್ನು ಎದುರಿನ ಹೋಟೆಲಿನ ಜಗಲಿಯಲ್ಲಿ ಕೂತು ತುಂಬಾ ಸಲ ನೋಡಿದ್ದೇನೆ. ತಲೆ ಮೇಲೆ ಬುಟ್ಟಿ ಇದ್ದರೆ ಕುತ್ತಿಗೆ ತಿರುಗಿಸಲು ಆಗುವುದಿಲ್ಲ. ಬಲಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಿಸಬೇಕು. ಪುನಃ ಎಡಕ್ಕೆ ನೋಡಬೇಕಾದರೆ ಪುನಃ ಇಡೀ ಮೈ. ಎಡ ನೋಡಿ ಮುಗಿಸುವಷ್ಟರಲ್ಲಿ ಬಲದಲ್ಲಿ ಹೊಸ ಬಸ್ಸು ಬಂದಿರುತ್ತದೆ. ಒಬ್ಬರು ಹಾಗೆ ಮೂರು ಸಲ ತಿರುಗಿ, ಕೊನೆಗೆ ಒಂದು ಕೈ ಮೇಲೆತ್ತಿ, ಯಾವ ಬದಿಯನ್ನೂ ನೋಡದೆ ನೇರ ನಡೆದುಬಿಟ್ಟರು. ನನ್ನ ಎದೆ ಹಾರಿಹೋಯಿತು.

ಆವತ್ತು ರಾತ್ರಿ ಲೆಕ್ಕ ಹಾಕಿದೆ. ಪುಸ್ತಕದಲ್ಲಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ. ನಮ್ಮ ಅಕ್ಕಂದಿರು, ವಯಸ್ಸಾದವರು 0.8ರ ಹತ್ತಿರ. 14 ಮೀಟರ್ ದಾಟಲು 17 ಸೆಕೆಂಡ್ ಬೇಕು. 40ರ ವೇಗದ ಬಸ್ಸು ಸೆಕೆಂಡಿಗೆ 11 ಮೀಟರ್ ಬರುತ್ತದೆ. ಅಂದರೆ ಎರಡೂ ಬದಿಯಲ್ಲಿ 190 ಮೀಟರ್ ಖಾಲಿ ಇರಬೇಕು. ತಿರುವು ಇರುವುದೇ ನೂರಕ್ಕೆ! ಎಷ್ಟೇ ಜಾಗ್ರತೆ ಮಾಡಿದರೂ ಅವರ ಕಣ್ಣಿಗೆ ಕಾಣದ ಬಸ್ಸು ಅವರನ್ನು ಮುಟ್ಟಬಹುದು. ಅದೇ ನಡುವೆ ಒಂದೂವರೆ ಮೀಟರ್ ಕಟ್ಟೆ ಇದ್ದರೆ ಒಂದು ಸಲಕ್ಕೆ ದಾಟುವುದು ಆರು ಕಾಲು ಮೀಟರ್. 8 ಸೆಕೆಂಡ್, 90 ಮೀಟರ್. ಕಣ್ಣಿಗೆ ಕಾಣುವ ದೂರದೊಳಗೇ ಕೆಲಸ ಮುಗಿಯಿತು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಮೊಬೈಲಿನಲ್ಲಿ ತೆಗೆದ ವಿಡಿಯೋ ಜೊತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಕೊಟ್ಟೆವು. ಸುಮ್ನೆ ಮನವಿ ಕೊಟ್ಟರೆ ಫೈಲಿಗೆ ಸೇರುತ್ತದೆ. ಲೆಕ್ಕ ಕೊಟ್ಟರೆ ಯಾರಾದರೂ ಉತ್ತರ ಕೊಡಲೇಬೇಕಾಗುತ್ತದೆ.

ಆದರೂ ಸಿಕ್ಕಿದ್ದು "ಟ್ರಯಲ್ ಮಾಡಿ ನೋಡಿ" ಎಂಬ ಒಪ್ಪಿಗೆ ಮಾತ್ರ. ಅದೇ ಒಳ್ಳೆಯದಾಯಿತು. ಹೊಯಿಗೆ (ಮರಳಿನ) ಚೀಲ, ಹೊಯಿಗೆ ತುಂಬಿದ ಎಣ್ಣೆ ಡಬ್ಬ, ಪೊಲೀಸರ ಎರಡು ಬ್ಯಾರಿಕೇಡ್, ರಿಫ್ಲೆಕ್ಟರ್ ಟೇಪ್. ಇಷ್ಟರಲ್ಲೇ ರಸ್ತೆ ನಡುವೆ ಕಟ್ಟೆಯ ಆಕಾರ ಮಾಡಿದೆವು. ಖರ್ಚು ಮೂರು ಸಾವಿರ ದಾಟಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಯಾವ ಚೀಲ ಒಡೆದಿದೆ, ಯಾವ ಡಬ್ಬ ಜಾರಿದೆ ಎಂದು ಗೊತ್ತಾಗುತ್ತದೆ. ಬಸ್ಸಿನ ಹಿಂದಿನ ಚಕ್ರ ತಿರುವಿನ ಬದಿಯ ಮೂಲೆಯನ್ನೇ ಪ್ರತಿ ಸಲ ಒರೆಸಿಕೊಂಡು ಹೋಗುತ್ತಿತ್ತು. ಕಟ್ಟೆಯನ್ನು ಒಂದು ಅಡಿ ಆಚೆ ಸರಿಸಿದೆವು, ಮೂತಿಯನ್ನು ಚೂಪು ಮಾಡಿದೆವು. ಮತ್ತೆ ಒಂದು ಚೀಲವೂ ಒಡೆಯಲಿಲ್ಲ. ಈ ಟ್ರಯಲ್ ಮಾಡದೆ ನೇರ ಕಾಂಕ್ರೀಟ್ ಹಾಕಿದ್ದರೆ ಹೇಳಿದವರ ಮಾತೇ ನಿಜವಾಗುತ್ತಿತ್ತು. ಸರಿಯಾದ ಜಾಗವನ್ನು ಬಸ್ಸಿನ ಚಕ್ರವೇ ತೋರಿಸುತ್ತದೆ, ನಕ್ಷೆ ತೋರಿಸುವುದಿಲ್ಲ.

ಕಟ್ಟೆಯ ಒಳಗಿನ ದಾರಿ ನೇರ ಇಲ್ಲ. ಈ ಕಡೆಯ ಝೀಬ್ರಾ ಒಂದು ಕಡೆ, ಆ ಕಡೆಯ ಝೀಬ್ರಾ ಮೂರು ಮೀಟರ್ ಸರಿದು. ನಡುವಿಗೆ ಬಂದವರು ಎಡಕ್ಕೆ ತಿರುಗಿ ನಾಲ್ಕು ಹೆಜ್ಜೆ ನಡೆದು ಮತ್ತೆ ದಾಟಬೇಕು. ಎಡಕ್ಕೇ ಯಾಕೆ? ದ್ವಿತೀಯಾರ್ಧದಲ್ಲಿ ಗಾಡಿ ಬರುವುದು ಎಡದಿಂದ. ಎಡಕ್ಕೆ ತಿರುಗಿ ನಡೆಯುವಾಗ ಬರುವ ಬಸ್ಸು ಮುಖದ ಎದುರೇ ಇರುತ್ತದೆ. ಬುಟ್ಟಿ ಹೊತ್ತವರು ಕುತ್ತಿಗೆ ತಿರುಗಿಸುವ ಅಗತ್ಯವೇ ಇಲ್ಲ. ಯಾವ ಬದಿಯಿಂದ ಹೊರಟರೂ ಇದೇ ಲೆಕ್ಕ. ಬಲಕ್ಕೆ ತಿರುಗುವ ಹಾಗೆ ಮಾಡಿದರೆ ಗಾಡಿಗೆ ಬೆನ್ನು ಹಾಕಿದ ಹಾಗಾಗುತ್ತದೆ, ಅದು ಇಲ್ಲದ್ದಕ್ಕಿಂತ ಕೆಟ್ಟದು.

ಕಟ್ಟುವ ಕೆಲಸ ನಿಮಗೆಲ್ಲ ಗೊತ್ತಿದ್ದದ್ದೇ. ರೆಡಿಮೇಡ್ ಕರ್ಬ್, ರಸ್ತೆಗೆ ಡ್ರಿಲ್ ಮಾಡಿ 12 ಎಂಎಂ ಸರಳು ಇಳಿಸಿ ಗ್ರೌಟ್ (ತೆಳು ಸಿಮೆಂಟ್ ಗಾರೆ). ಮೂತಿಯ ಕಲ್ಲಿನ ಹಿಂದೆ ನಾನು ಒಂದು ವಸ್ತು ತುಂಬಿಸಿದ್ದೇನೆ. ಗುದ್ದಿದರೆ ಆ ಒಂದು ಕಲ್ಲು ಮಾತ್ರ ಹೋಗುತ್ತದೆ, ಕಟ್ಟೆ ಅಲುಗುವುದಿಲ್ಲ. ಅದೇನೆಂದು ಇಲ್ಲಿ ಬರೆಯುವುದಿಲ್ಲ, ಕಸುಬಿನದು. ನಡೆಯುವ ದಾರಿ ರಸ್ತೆಯ ಮಟ್ಟಕ್ಕೇ ಇರಲಿ, ವೀಲ್‌ಚೇರ್ ಹೋಗಬೇಕು, ಮಳೆನೀರೂ ಹಾಗೇ ಹರಿದು ಹೋಗುತ್ತದೆ. ಹಣ ಕೊಟ್ಟವರು ಕಟ್ಟೆ ಮೇಲೆ ಹೂಗಿಡ ಮತ್ತು ಅವರ ಬೋರ್ಡ್ ಕೇಳಿದರು. ಇದಕ್ಕೆ ಮಾತ್ರ ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಎರಡನೇ ಕ್ಲಾಸಿನ ಮಗು ನಾಲ್ಕು ಅಡಿಯ ಹತ್ತಿರ ಇರುತ್ತದೆ. ಗಿಡದ ಹಿಂದೆ ನಿಂತರೆ ಡ್ರೈವರ್‌ಗೆ ಕಾಣುತ್ತದಾ? ತೆಳು ಪೈಪಿನ ರೇಲಿಂಗ್ ಸಾಕು.

ಕಟ್ಟೆ ಆದ ಮೇಲೂ ಒಂದು ಭಯ ಉಳಿದಿತ್ತು. ಬಸ್ಸು ನಿಲ್ಲಿಸಿ ದಾರಿ ಬಿಡುತ್ತದೆ, ಅದರ ಪಕ್ಕದಿಂದ ಸ್ಕೂಟರ್ ನುಗ್ಗುತ್ತದೆ. ಬಸ್ಸಿನ ಮರೆಯಿಂದ ಬಂದವರಿಗೆ ಅದು ಕಾಣುವುದಿಲ್ಲ. ಹಾಗಾಗಿ ಫುಟ್‌ಪಾತನ್ನು ಎರಡೂ ಬದಿಯಿಂದ ಸ್ವಲ್ಪ ಹೊರಗೆ ತಂದು, ಕಟ್ಟೆಯ ಒಂದೊಂದು ಬದಿಯ ಗಾಡಿಯ ದಾರಿಯನ್ನು ನಾಲ್ಕೂವರೆ ಮೀಟರಿಗೆ ಇಳಿಸಿದೆವು. ಇಲ್ಲಿ ದೊಡ್ಡ ಗಲಾಟೆ ಆಯಿತು. ಬ್ಲಾಕ್ ಆಗುತ್ತದೆ ಎಂದರು. ಮೊದಲೂ ಆ ಜಾಗದಲ್ಲಿ ರಿಕ್ಷಾ, ಗೂಡ್ಸ್ ಟೆಂಪೋ ನಿಂತು ಸಿಗುತ್ತಿದ್ದದ್ದು ಅಷ್ಟೇ ಅಗಲ, ಅದೂ ಹೇಗೆ ಬೇಕೋ ಹಾಗೆ. ಹೊರಗೆ ತಂದ ಫುಟ್‌ಪಾತಿನ ಮೇಲೆ ಈಗ ಯಾರೂ ಪಾರ್ಕ್ ಮಾಡಲಾಗುವುದಿಲ್ಲ, ಹಾಗಾಗಿ ದಾಟುವವರೂ ಕಾಣುತ್ತಾರೆ. ಆದರೆ ಚರಂಡಿಗೆ ಹೋಗುವ ನೀರು ಅಲ್ಲಿ ಕಟ್ಟಿ ನಿಲ್ಲುತ್ತದೆ. ಪೈಪ್ ಹಾಕಿದರೆ ಎಲೆ, ಪ್ಲಾಸ್ಟಿಕ್ ಸಿಕ್ಕಿ ಒಂದೇ ಮಳೆಗೆ ಬ್ಲಾಕ್. ಒಂದಡಿ ತೋಡು ತೆರೆದೇ ಬಿಟ್ಟು ಮೇಲೆ ಗ್ರೇಟಿಂಗ್ ಹಾಕಿ, ಬದಿಗೆ ವೆಲ್ಡ್ ಮಾಡಿ. ವೆಲ್ಡ್ ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ.

ರಿಕ್ಷಾ ಪಾರ್ಕ್ ಇಪ್ಪತ್ತು ಮೀಟರ್ ಸರಿಸಲು ಎಷ್ಟೋ ಚಾ ಕುಡಿಯಬೇಕಾಯಿತು. ಬಸ್ ಸ್ಟಾಪನ್ನೂ ಝೀಬ್ರಾದ ಆಚೆಗೆ ತಂದೆವು, ಇಳಿದವರು ಬಸ್ಸಿನ ಹಿಂದಿನಿಂದ ದಾಟುವ ಹಾಗೆ. ಒಬ್ಬ ಹಳೆಯ ಡ್ರೈವರ್ ಮೊದಲು ಜಗಳಕ್ಕೇ ಬಂದಿದ್ದರು. ಆಮೇಲೆ ಅವರೇ, "ಮಾರಾಯ್ರೆ, ಈಗ ಜನ ಎಲ್ಲಿಂದ ಓಡಿ ಬರ್ತಾರೆ ಅಂತ ಟೆನ್ಶನ್ ಇಲ್ಲ. ಟೈಮಿಂಗೂ ತಪ್ಪುವುದಿಲ್ಲ" ಎಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಮಳೆಗಾಲದ ರಾತ್ರಿಯ ವಿಷಯ ಬೇರೆಯೇ. ರಸ್ತೆ ಮೇಲೆ ನೀರಿನ ಪದರ ನಿಂತರೆ ಥರ್ಮೋಪ್ಲಾಸ್ಟಿಕ್‌ನಲ್ಲಿ ಗಾಡಿಯ ಬೆಳಕಿಗೆ ಹೊಳೆಯಲೆಂದು ಹಾಕುವ ಗಾಜಿನ ಮಣಿ ಹೊಳೆಯುವುದಿಲ್ಲ. ನೆಲದ ಬಣ್ಣವನ್ನು ನಂಬಬೇಡಿ, ನಿಂತಿರುವ ವಸ್ತುವನ್ನು ನಂಬಿ. ಮೂತಿಯಲ್ಲಿ ರಿಫ್ಲೆಕ್ಟರ್ ಬೋರ್ಡ್, ಎದೆಮಟ್ಟದಲ್ಲಿ. ದೀಪದ ಕಂಬ ಝೀಬ್ರಾದ ನೇರ ಮೇಲೆ ಬೇಡ, ಗಾಡಿ ಬರುವ ಬದಿಗೆ ಸ್ವಲ್ಪ ಮುಂಚೆ ಇರಲಿ. ಆಗ ಡ್ರೈವರ್‌ಗೆ ಕಾಣುವ ಬದಿಗೆ ಬೆಳಕು ಬೀಳುತ್ತದೆ. ಕಪ್ಪು ಕೊಡೆಯನ್ನು ಗಾಳಿಗೆ ವಾಲಿಸಿ ಹಿಡಿದವರಿಗೆ ಆ ಬದಿಯ ಗಾಡಿ ಕಾಣುವುದೇ ಇಲ್ಲ, ಡ್ರೈವರೇ ಅವರನ್ನು ನೋಡಬೇಕು. ಶಾಲೆಯ ಮಕ್ಕಳ ಕೊಡೆಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಿ ನೋಡಿದೆವು. ತುಂಬಾ ಚೆನ್ನಾಗಿ ಕಂಡಿತು, ಆದರೆ ಗೋಂದು ಮಳೆಗೆ ನಿಲ್ಲಲಿಲ್ಲ. ಹೊಲಿಸಿದರೆ ಆಗಬಹುದು, ಈ ವರ್ಷ ಮಾಡುತ್ತೇವೆ.

ಹಣದ ಲೆಕ್ಕ ನೆನಪಿನಿಂದ: ಕಟ್ಟೆ, ಫುಟ್‌ಪಾತ್, ಗ್ರೇಟಿಂಗ್ ಎಲ್ಲ ಸೇರಿ 1 ಲಕ್ಷ 40 ಸಾವಿರದ ಹತ್ತಿರ. ಬೋರ್ಡ್, ದೀಪ 35 ಸಾವಿರ. ಥರ್ಮೋಪ್ಲಾಸ್ಟಿಕ್ ಚದರ ಮೀಟರಿಗೆ ಆರುನೂರು ಚಿಲ್ಲರೆ, 25 ಚದರ ಮೀಟರ್. ಇಷ್ಟು ಸಣ್ಣ ಕೆಲಸಕ್ಕೆ ಆ ಮೆಷಿನಿನವರು ಬರುವುದೇ ಇಲ್ಲ, ಬಂದರೆ ಮೂರು ಪಟ್ಟು ಕೇಳುತ್ತಾರೆ. ಹತ್ತಿರದಲ್ಲಿ ದೊಡ್ಡ ಕೆಲಸಕ್ಕೆ ಬಂದಾಗ ಹಿಡಿಯಬೇಕು. ನನ್ನ ಕೂಲಿ ನಾನು ಹಾಕಿಲ್ಲ.

ಕೆಲಸ ಆದ ಮೇಲೆ ಅದೇ ಜಗಲಿಯಲ್ಲಿ ಕೂತು ನೋಡಿದೆ. ಮೊದಲು ಬೆಳಿಗ್ಗೆ ಒಂದು ನಿಮಿಷಕ್ಕೂ ಜಾಸ್ತಿ ಕಾಯಬೇಕಿತ್ತು. ಈಗ ಹತ್ತು ಹದಿನೈದು ಸೆಕೆಂಡ್. ಹತ್ತು ಗಾಡಿಯಲ್ಲಿ ಐದಾರು ನಿಧಾನ ಮಾಡುತ್ತವೆ, ಮೊದಲು ಒಂದು ಮಾಡಿದರೆ ಹೆಚ್ಚು.

ನೀವು ಮಾಡುವುದಾದರೆ ಕಾಗದಪತ್ರ ಆಟಿ ತಿಂಗಳಲ್ಲೇ (ಜುಲೈ-ಆಗಸ್ಟ್) ಶುರು ಮಾಡಿ. ಹೊಯಿಗೆ ಚೀಲದ ಟ್ರಯಲ್ ನವರಾತ್ರಿ ಗೌಜಿ ಮುಗಿದ ಮೇಲೆ, ಕಾಂಕ್ರೀಟ್ ದೀಪಾವಳಿ ಆದ ಮೇಲೆ. ಬಣ್ಣ ಫೆಬ್ರವರಿಯಲ್ಲಿ, ಅದೂ ಕೆಂಪು ಧೂಳನ್ನು ಕಂಪ್ರೆಸರ್‌ನಲ್ಲಿ ಊದಿಸಿದ ಮೇಲೆಯೇ. ಮೇ ಅರ್ಧ ಕಳೆದರೆ ಯಾರು ಎಷ್ಟು ಒತ್ತಾಯ ಮಾಡಿದರೂ ಬಣ್ಣದ ಕೆಲಸ ಒಪ್ಪಿಕೊಳ್ಳಬೇಡಿ.