ಗುಜರಿ ಕಬ್ಬಿಣ ಹಲಗೆಯಿಂದ ಕಳಚಿ ಬೀಳುತ್ತಿದ್ದರೆ

ಹಳೇ ಬಾಗಿಲಿನ ಹಲಗೆ ಮೇಲೆ ಗುಜರಿಯ ಬೀಗ, ಸೈಕಲ್ ಚೈನು, ಹಲ್ಲುಚಕ್ರ ಜೋಡಿಸಿ ಮಾಡಿದ ಕಲಾಕೃತಿ. ಗೋಡೆಗೇರಿಸಿದ ಕೆಲವೇ ದಿನಕ್ಕೆ ಭಾರದ ತುಂಡುಗಳು ಕಳಚುತ್ತಿದ್ದವು.

ಬಿಳಿ ಗೋಂದು ಕಬ್ಬಿಣಕ್ಕೆ ಹಿಡಿಯಲೇ ಇಲ್ಲ. ಹಾಟ್ ಗ್ಲೂ ಬಿಸಿಲಿಗೆ ಮೆತ್ತಗಾಯಿತು. ಎರಡು ಭಾಗ ಕಲಸಿ ಹಚ್ಚುವ ಎಪಾಕ್ಸಿ ಅಂಟೂ ಬಿಟ್ಟಿತು, ಆದರೆ ಬಿದ್ದ ಬೀಗದ ಬೆನ್ನಿಗೆ ಬಾಗಿಲಿನ ಹಸಿರು ಬಣ್ಣದ ಸಿಪ್ಪೆ ಅಂಟಿಕೊಂಡಿತ್ತು. ಸೋತದ್ದು ಅಂಟಲ್ಲ, ಅದರಡಿಯ ಬಣ್ಣ.

ಅಂಟಿಸುವ ಜಾಗದಲ್ಲಷ್ಟೇ ಮರ ಕಾಣುವವರೆಗೆ ಬಣ್ಣ ಕೆರೆಯಿರಿ (ಹಳೇ ಬಣ್ಣದಲ್ಲಿ ಸೀಸ ಇರಬಹುದು, ಮಾಸ್ಕ್ ಬೇಕೇ ಬೇಕು). ಕಬ್ಬಿಣದ ಹಿಂಬದಿಗೆ ವೈರ್ ಬ್ರಷ್, ಆಮೇಲೆ 80 ನಂಬರ್ ಎಮರಿ (ಉಜ್ಜುವ ಕಾಗದ). ಮುಂಭಾಗದ ತುಕ್ಕು ಮುಟ್ಟಬೇಡಿ, ಅಂದವೆಲ್ಲ ಅಲ್ಲೇ ಇದೆ. ಕೆರೆದ ಮರ, ಕಬ್ಬಿಣದ ಹಿಂಬದಿ ಎರಡನ್ನೂ ಅಸಿಟೋನ್‌ನಲ್ಲಿ ಒರೆಸಿ ಒಣಗಿಸಿ. ನಿಧಾನ ಗಟ್ಟಿಯಾಗುವ ಎಪಾಕ್ಸಿಯ ರೆಸಿನ್, ಹಾರ್ಡನರ್ ಸಮಸಮ ಕಲಸಿ ಹಚ್ಚಿ. ಬೀಗದಂಥದ್ದಕ್ಕೆ ಹಲಗೆಯಲ್ಲಿ ಮೊದಲೇ 2 ಮಿ.ಮೀ. ತೂತು ಕೊರೆದಿಟ್ಟು, ಅಂಟು ಹಸಿಯಿರುವಾಗಲೇ ಬೈಂಡಿಂಗ್ ವೈರ್ ತೂರಿಸಿ ಹಿಂದೆ ಇಕ್ಕಳದಿಂದ ತಿರುಚಿ. 24 ಗಂಟೆ ಹಲಗೆ ಮಲಗಿಯೇ ಇರಲಿ.