ನಾಲ್ಕೂಕಾಲು ಅಂದರೆ ನಾಲ್ಕೂಕಾಲೇ: ಮನೆಯಲ್ಲೇ ನಡೆಸುವ ಮಾರಾಟದ ಕೂಟಕ್ಕೆ ಕರೆದ ಅತಿಥಿಗಳು ಹೊತ್ತಿಗೆ ಸರಿಯಾಗಿ ಬರಬೇಕಾದರೆ

ಹಾಲ್‌ನಲ್ಲಿ ಜಮಖಾನ ಹಾಸಿದೆ. ಮೊಳಕಾಲ್ಮೂರು, ಇಳಕಲ್ ಸೀರೆ ಮಾರುವವರ ಗಂಟು ಬಂದಿದೆ. ಒಲೆಯ ಮೇಲೆ ಚಹಾ ಕುದಿದು ಕುದಿದು ಕಪ್ಪಾಗಿದೆ. ನಾಲ್ಕಕ್ಕೆ ಕರೆದವರು ಐದಾದರೂ ಬಂದಿಲ್ಲ. ಹೇಳಿದ ಹೊತ್ತಿಗೇ ಬಂದ ಇಬ್ಬರು ಗೋಡೆಗೆ ಒರಗಿ ಮೊಬೈಲ್ ನೋಡುತ್ತಾ ಕೂತಿದ್ದಾರೆ. ಐದೂವರೆಗೆ ಎಂಟು ಜನ ಒಟ್ಟಿಗೆ ಬರುತ್ತಾರೆ, ಆರಕ್ಕೆ ದೀಪ ಹಚ್ಚಬೇಕೆಂದು ಎಲ್ಲರೂ ಏಳುತ್ತಾರೆ. ಮೂವತ್ತು ಸೀರೆಯ ಗಂಟಿನಲ್ಲಿ ಬಿಚ್ಚಿ ನೋಡಿದ್ದು ಆರೋ ಏಳೋ. ಮುಂದಿನ ಸಲ ಆ ಮೊದಲ ಇಬ್ಬರೂ ಐದರ ಮೇಲೆಯೇ ಬರುತ್ತಾರೆ.

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ನಿಟುವಳ್ಳಿ, ಯಾವ ಬಡಾವಣೆಗೆ ಹೋದರೂ ಕಾಣುವುದು ಇದೇ. ಸೀರೆ ಇರಲಿ, ಒಂದು ಗ್ರಾಂ ಚಿನ್ನದ ಸರ ಇರಲಿ, ಅಡುಗೆಮನೆ ಡಬ್ಬಿ ಇರಲಿ, ತಡವಾಗಿ ಬರುವವರಿಗಾಗಿ ಕಾದು ಅವರಿಗೆ ಅದನ್ನೇ ರೂಢಿ ಮಾಡಿಸುವುದು ಕರೆದ ಮನೆಯವರೇ. ಹಾಗಾಗಿ ಸರಿಪಡಿಸುವ ಕೆಲಸವೂ ಅವರ ಕೈಯಲ್ಲೇ ಇದೆ.

ಮೊದಲು ದಿನ, ಹೊತ್ತು

ಗೋಡೆಯ ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ. ಮಂಗಳವಾರ 3ರಿಂದ 4.30 ರಾಹುಕಾಲ, ಭಾನುವಾರ 4.30ರಿಂದ 6. ಆ ಹೊತ್ತಿನಲ್ಲಿ ಹೊಸ್ತಿಲು ದಾಟದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥವರನ್ನು ಮಂಗಳವಾರ ನಾಲ್ಕಕ್ಕೆ ಕರೆದರೆ ಐದಕ್ಕೆ ಬನ್ನಿ ಎಂದು ಕರೆದ ಹಾಗೆಯೇ. ಮಂಗಳವಾರ, ಶುಕ್ರವಾರ ಕೈಯಿಂದ ದುಡ್ಡು ಬಿಡಬಾರದು ಎನ್ನುವವರೂ ಇದ್ದಾರೆ. ಸೋಮವಾರ ಶಿವನ ಪೂಜೆ. ಉಳಿಯುವುದು ಬುಧವಾರ, ಗುರುವಾರ. ಇವೆರಡೇ ನಮ್ಮ ಆಯ್ಕೆ. ಬರುವವರಲ್ಲಿ ಶಿಕ್ಷಕಿಯರು, ಬ್ಯಾಂಕ್ ಕೆಲಸದವರು ಹೆಚ್ಚಿದ್ದರೆ ಮಾತ್ರ ಎರಡನೇ ಅಥವಾ ನಾಲ್ಕನೇ ಶನಿವಾರ. ಶ್ರಾವಣದ ತಿಂಗಳು, ಅಮಾವಾಸ್ಯೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವಾರ ಇವುಗಳನ್ನು ಬಿಟ್ಟುಬಿಡಿ. ಜಾತ್ರೆಯಲ್ಲಿ ಮನೆ ತುಂಬ ನೆಂಟರು, ಯಾರೂ ಬಿಡುವಾಗಿರುವುದಿಲ್ಲ.

ಇನ್ನೆರಡು ವಿಚಾರ ಎಲ್ಲರೂ ಮರೆಯುತ್ತಾರೆ. ಒಂದು, ನಲ್ಲಿ ನೀರು. ನಿಮ್ಮ ಬೀದಿಯ ಸರದಿಯಷ್ಟೇ ಅಲ್ಲ, ಬರುವವರ ಬೀದಿಯಲ್ಲಿ ನೀರು ಬಿಡುವ ದಿನ ಯಾವುದೆಂದೂ ಕೇಳಿಕೊಳ್ಳಿ. ಸಂಪು ತುಂಬುವವರೆಗೆ ಯಾವ ಗೃಹಿಣಿಯೂ ಮನೆ ಬಿಡುವುದಿಲ್ಲ, ಬಿಡಬೇಕೆಂದು ನಿರೀಕ್ಷಿಸುವುದೂ ತಪ್ಪು. ಎರಡು, ಕರೆಂಟು. ಬೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ನೋಡಿಕೊಳ್ಳಿ. ರೇಷ್ಮೆಯ ಬಣ್ಣ ಮಬ್ಬು ಬೆಳಕಿನಲ್ಲಿ ತಿಳಿಯದು.

ಹೊತ್ತು ಸಂಜೆ 4.15ರಿಂದ 5.45. ಮೂರಕ್ಕೆ ಎಂದು ಹೇಳಿ ನಾಲ್ಕಕ್ಕೆ ಶುರು ಮಾಡುವ ಉಪಾಯ ಹಲವರು ಹೇಳಿಕೊಡುತ್ತಾರೆ. ದಯವಿಟ್ಟು ಬೇಡ. ಮೊದಲ ಸಲ ಅದು ನಡೆಯುತ್ತದೆ. ಎರಡನೇ ಸಲ ಎಲ್ಲರೂ ನೀವು ಹೇಳಿದ ಹೊತ್ತಿಗೆ ತಾವೇ ಒಂದು ಗಂಟೆ ಕೂಡಿಸಿಕೊಳ್ಳುತ್ತಾರೆ. ನಿಮ್ಮ ಮಾತನ್ನು ನಂಬಿ ಮೂರಕ್ಕೇ ಬಂದವರಿಗೆ ಆಗುವ ಮುಜುಗರ ಬೇರೆ.

ಕರೆಯುವ ಸಂಖ್ಯೆ

ಹತ್ತು ಅಡಿಗೆ ಹದಿನಾಲ್ಕು ಅಡಿಯ ಹಾಲ್‌ನಲ್ಲಿ ಸೀರೆ ಹರಡುವ ಜಾಗ ಬಿಟ್ಟರೆ ಹನ್ನೆರಡು ಜನ ಆರಾಮಾಗಿ ಕೂರಬಹುದು. ಕರೆದವರೆಲ್ಲ ಬರುವುದಿಲ್ಲ, ಹಾಗಾಗಿ ಹದಿನೆಂಟು ಜನರನ್ನು ಕರೆಯಿರಿ, ಸಾಕು.

ವಾಟ್ಸ್‌ಆ್ಯಪ್ ಸಂದೇಶ

ಎಂಟು ದಿನ ಮೊದಲು ಒಂದು, ಎರಡು ದಿನ ಮೊದಲು ಇನ್ನೊಂದು. ಶುರುವಾಗುವ ಹೊತ್ತಿಗಿಂತ ಮುಗಿಯುವ ಹೊತ್ತನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಜನ ತಡಮಾಡುವುದಕ್ಕೆ ದೊಡ್ಡ ಕಾರಣ, ಒಮ್ಮೆ ಕೂತರೆ ಯಾವಾಗ ಬಿಡುತ್ತಾರೋ ಎಂಬ ಅಂಜಿಕೆ. 5.45ಕ್ಕೆ ಮುಗಿಯುತ್ತದೆ ಎಂದು ಗೊತ್ತಾದರೆ ಮನೆಯಲ್ಲಿ ಹೇಳಿ ಹೊರಡಲು ಸುಲಭ. ‘ಕೊಳ್ಳಲೇಬೇಕೆಂದಿಲ್ಲ, ಸೇರಿಸಿಕೊಳ್ಳುವ ಸ್ಕೀಮ್ ಇಲ್ಲ’ ಎಂಬ ಸಾಲನ್ನೂ ಸೇರಿಸಿ. ಜನರನ್ನು ಸೇರಿಸಿದರೆ ಹಣ ಎನ್ನುವ ಚೈನ್ ವ್ಯವಹಾರದಲ್ಲಿ ಕೈ ಸುಟ್ಟುಕೊಂಡವರು ಇಂಥ ಕರೆ ಬಂದರೆ ಹಿಂದೇಟು ಹಾಕುತ್ತಾರೆ. ಅಂಗಡಿಯಿಲ್ಲದೆ ಏಜೆಂಟರ ಮೂಲಕ ಮಾರುವ ನೇರ ಮಾರಾಟ ಕಂಪನಿಯ ವಸ್ತುಗಳಾದರೆ, 2021ರ ನೇರ ಮಾರಾಟ ನಿಯಮಗಳಂತೆ ಸೇರಲು ಶುಲ್ಕ ಕೇಳುವಂತಿಲ್ಲ, ಮಾರುವವರ ಬಳಿ ಗುರುತಿನ ಚೀಟಿ ಇರಬೇಕು.

ಸೀರೆಗಳ ಫೋಟೊ ಮೂರೇ ಮೂರು ಹಾಕಿ. ಇಡೀ ಗಂಟನ್ನೇ ಗ್ರೂಪಿಗೆ ಸುರಿದರೆ ಅಲ್ಲೇ ನೋಡಿ, ಅಲ್ಲೇ ಬೇಡವೆಂದು, ಅಲ್ಲೇ ಮರೆಯುತ್ತಾರೆ. ಲೊಕೇಶನ್ ಕಳಿಸುವಾಗ ಮನೆಯೊಳಗೆ ನಿಂತು ‘ಈಗಿನ ಲೊಕೇಶನ್’ ಕಳಿಸಿ. ‘ಲೈವ್ ಲೊಕೇಶನ್’ 15 ನಿಮಿಷಕ್ಕೋ, 1 ಗಂಟೆಗೋ, ಹೆಚ್ಚೆಂದರೆ 8 ಗಂಟೆಗೋ ನಿಂತುಹೋಗುತ್ತದೆ. ಎರಡು ದಿನ ಬಿಟ್ಟು ಒತ್ತಿದವರು ಮೇನ್, ಕ್ರಾಸ್‌ಗಳ ನಡುವೆ ಸುತ್ತುತ್ತಲೇ ಇರುತ್ತಾರೆ. ಗೇಟಿನ ಬಣ್ಣ, ಎದುರಿನ ಮರ ಯಾವುದೆಂದೂ ಬರೆಯಿರಿ. ಗ್ರೂಪಿನ ಪೋಲ್‌ನಲ್ಲಿ ‘ಬರುತ್ತೇನೆ’ ಒತ್ತಿದವರ ಲೆಕ್ಕವನ್ನು ನಂಬಿ ಹಾಲು ತರಿಸಬೇಡಿ.

ಹಿಂದಿನ ದಿನದ ಫೋನ್

ಕೆಲಸ ಕೆಡುವುದೂ ಕೂಡುವುದೂ ಇಲ್ಲಿಯೇ. ಸಂದೇಶ ಸಾಕೆಂದು ಇದನ್ನು ಬಿಡುವವರೇ ಹೆಚ್ಚು. ಹಿಂದಿನ ದಿನ ಬೆಳಿಗ್ಗೆ 11ರಿಂದ 12.30ರ ನಡುವೆ, ತಿಂಡಿಯ ಗಡಿಬಿಡಿ ಮುಗಿದು ಊಟಕ್ಕೆ ಇನ್ನೂ ಹೊತ್ತಿರುವಾಗ, ಒಬ್ಬೊಬ್ಬರಿಗೂ ಫೋನ್ ಮಾಡಿ. ತಲಾ ಎರಡು ಮೂರು ನಿಮಿಷ, ಹದಿನೆಂಟು ಜನಕ್ಕೆ ಒಂದು ಗಂಟೆಯೊಳಗೆ ಮುಗಿಯುತ್ತದೆ.

‘ಬರ್ತೀರಲ್ಲಾ?’ ಎಂದು ಕೇಳಬೇಡಿ. ನಮ್ಮ ಕಡೆ ಕರೆದವರಿಗೆ ಒಲ್ಲೆ ಎನ್ನುವುದಿಲ್ಲ. ‘ಆತ್ರಿ, ಬರ್ತೀನಿ’ ಎನ್ನುವುದು ಮರ್ಯಾದೆಯ ಮಾತು, ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದದ್ದು ಮನೆ ಬಿಡುವ ಹೊತ್ತು. ಮಾತು ಹೀಗೆ ಸಾಗಲಿ:

‘ಅಕ್ಕಾ, ನಾಳೆ ಮನಿ ಎಷ್ಟೊತ್ತಿಗೆ ಬಿಡ್ತೀರಿ?’

‘ನಾಲ್ಕರ ಮೇಲೆ ಬಿಡ್ತೀನವ್ವ.’

‘ಹುಡುಗ ಸ್ಕೂಲಿಂದ ಎಷ್ಟಕ್ಕೆ ಬರ್ತಾನ್ರಿ?’

‘ನಾಲ್ಕಕ್ಕೆ ವ್ಯಾನ್ ಬಿಟ್ಟು ಹೋಗ್ತೈತಿ.’

‘ಹಂಗಾರೆ ಅವನ್ನೂ ಕರ್ಕಂಡೇ ಬರ್ರಿ. ಹಾಲು, ಬಿಸ್ಕತ್ತು ಇಲ್ಲೇ ಕೊಡಾನ.’

ಮೊದಲ ಉತ್ತರಕ್ಕೇ ಸುಮ್ಮನಾಗಿದ್ದರೆ ಆಕೆ ಮಗನ ಯೂನಿಫಾರ್ಮ್ ಬದಲಿಸಿ, ತಿನ್ನಿಸಿ, ಕೂರಿಸಿ ಹೊರಡುವಾಗ ಐದು ಆಗಿರುತ್ತಿತ್ತು. ತಡವಾಗುವುದಕ್ಕೆ ಪ್ರತಿ ಮನೆಯಲ್ಲೂ ಒಂದು ಕಾರಣ ಇದ್ದೇ ಇರುತ್ತದೆ. ಅದನ್ನು ಹಿಂದಿನ ದಿನವೇ ಹೊರಗೆ ತೆಗೆಸಿ ಬಿಡಿಸಿದರೆ ಮುಗಿಯಿತು. ಮಕ್ಕಳು ಬರುವುದಾದರೆ ಒಳಕೋಣೆಯಲ್ಲಿ ಚಾಪೆ, ಕಾಗದ, ಬಣ್ಣದ ಕಡ್ಡಿ ಇಟ್ಟಿರಿ.

ಕೂಡು ಕುಟುಂಬವಾದರೆ ಅತ್ತೆಯವರಿಗೆ ಫೋನ್ ಕೊಡಲು ಹೇಳಿ, ಅವರನ್ನೂ ಬಾಯ್ತುಂಬ ಕರೆಯಿರಿ. ಸೊಸೆಯನ್ನು ಮಾತ್ರ ಕರೆದ ಮನೆಯಲ್ಲಿ ನಾಲ್ಕಕ್ಕೇ ಯಾವುದೋ ಕೆಲಸ ನೆನಪಾಗುತ್ತದೆ. ಅತ್ತೆಯೇ ಹೊರಟರೆ ಇಬ್ಬರೂ ಹೊತ್ತಿಗೆ ಮುಂಚೆ ಬರುತ್ತಾರೆ. ಸೀರೆಯ ನೇಯ್ಗೆ ಬಲ್ಲವರೂ ಅವರೇ.

ಎರಡನೇ ಪ್ರಶ್ನೆ, ಯಾರ ಜೊತೆ ಬರುತ್ತಾರೆ ಎಂಬುದು. ಜೋಡಿ ನೀವೇ ಕಟ್ಟಿ. ಹೊತ್ತಿಗೆ ಹೊರಡುವ ಒಬ್ಬರಿಗೆ ತಡಮಾಡುವ ಒಬ್ಬರನ್ನು ಒಪ್ಪಿಸಿ, ‘ಬರೋವಾಗ ಅವರನ್ನೂ ಗಾಡಿ ಮೇಲೆ ಕೂರಿಸ್ಕಂಡು ಬರ್ರಿ’ ಎನ್ನಿ. ಹೊರಗೆ ಸ್ಕೂಟಿ ನಿಂತು ಹಾರ್ನ್ ಹೊಡೆದರೆ ಎಂಥವರೂ ಬೇಗ ಸೆರಗು ಸರಿ ಮಾಡಿಕೊಳ್ಳುತ್ತಾರೆ. ಗಾಡಿ ತಡಮಾಡುವವರದ್ದಾಗಬಾರದು, ಆಗ ಇಬ್ಬರೂ ತಡ. ರೈಲು ಹಳಿಯ ಆಚೆ ಮಂಡಿಪೇಟೆ, ಚೌಕಿಪೇಟೆ ಕಡೆಯಿಂದ ಬರುವ ಮೂವರಿದ್ದರೆ ಒಂದೇ ಆಟೊಗೆ ಸೇರಿಸಿ, ಸಂಜೆಯ ಗದ್ದಲಕ್ಕೆಂದು ಇಪ್ಪತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಲು ಹೇಳಿ.

ಆ ದಿನ ಮಧ್ಯಾಹ್ನ 3.15ಕ್ಕೆ ಒಂದೇ ಸಂದೇಶ: ಒಂದು ಸೀರೆಯ ಅಂಚಿನ ಫೋಟೊ, ‘ಗಂಟು ಬಂದಿದೆ, 4.15ಕ್ಕೆ ಬಿಚ್ಚುತ್ತೇವೆ’. 4.15ರ ಮೇಲೆ ‘ಎಲ್ಲಿದ್ದೀರಿ?’ ಎಂಬ ಫೋನ್ ಬೇಡವೇ ಬೇಡ. ಆ ಫೋನ್ ಎತ್ತಿದವರಿಗೆ ಇನ್ನೂ ಯಾರೂ ಬಂದಿಲ್ಲ, ಏನೂ ಶುರುವಾಗಿಲ್ಲ ಎಂಬುದು ಖಾತ್ರಿಯಾಗುತ್ತದೆ.

ಮೊದಲ ಹದಿನೈದು ನಿಮಿಷ

ಮಾರುವವರು 3.15ಕ್ಕೆ ಮನೆಯಲ್ಲಿರಬೇಕು. ಬಸ್ಸಿನಲ್ಲಿ ಸೀರೆ ತರುವವರಾದರೆ ಗಂಟು ಹಿಂದಿನ ದಿನವೇ ಬರಲಿ.

ಖಾಲಿ ಹಾಲ್‌ಗೆ ಮೊದಲು ಕಾಲಿಡಲು ಎಲ್ಲರಿಗೂ ಸಂಕೋಚ. ಆದ್ದರಿಂದ ಅಕ್ಕಪಕ್ಕದ ಇಬ್ಬರು ಆಪ್ತರನ್ನು ನಾಲ್ಕಕ್ಕೇ ಕರೆಸಿ ಕೂರಿಸಿ. ಬಾಗಿಲ ಹೊರಗೆ ಮೂರು ನಾಲ್ಕು ಜೊತೆ ಚಪ್ಪಲಿ ಕಂಡರೆ ಬೀದಿಯ ತುದಿಯಲ್ಲಿ ನಿಂತು ಯೋಚಿಸುವವರೂ ಒಳಗೆ ಬರುತ್ತಾರೆ.

4.15ಕ್ಕೆ ಮೂವರೇ ಇದ್ದರೂ ಗಂಟು ಬಿಚ್ಚಿ. ವ್ಯಾಪಾರಿಗಳು ಒಳ್ಳೆಯ ಸೀರೆಯನ್ನು ಕೊನೆಗೆ ತೆಗೆಯುತ್ತಾರೆ. ಇಲ್ಲಿ ಅದನ್ನು ತಿರುಗಿಸಬೇಕು. ಒಂದೇ ಒಂದು ಇರುವ ಬಣ್ಣಗಳು, ಅಪರೂಪದ ಸೆರಗಿನವು ಮೊದಲ ಅರ್ಧ ಗಂಟೆಯಲ್ಲಿ ಹೊರಬರಲಿ. ಒಂದಕ್ಕೆ ಮೂರು ನಿಮಿಷದಂತೆ ಹತ್ತು ಸೀರೆ. ಬೇಕೆನಿಸಿದವರು ಹೆಸರು ಬರೆದ ಚೀಟಿ ಸಿಕ್ಕಿಸಿ ಪಕ್ಕಕ್ಕೆ ಇಟ್ಟುಕೊಳ್ಳಲಿ, 5.15ರೊಳಗೆ ತೀರ್ಮಾನ ಹೇಳಲಿ. 4.50ಕ್ಕೆ ಬಂದವರ ಕಣ್ಣಿಗೆ ಬೀಳುವುದು ಚೀಟಿ ಸಿಕ್ಕಿಸಿದ ಆ ಸೀರೆಗಳೇ. ಅವರು ಬಂದರೆಂದು ಮೊದಲಿನಿಂದ ತೋರಿಸಬೇಡಿ. ನಗುತ್ತಾ ಕೂರಿಸಿ, ನಡೆಯುತ್ತಿದ್ದುದನ್ನು ಮುಂದುವರಿಸಿ.

ಡಬ್ಬಿ ಮಾರಾಟಕ್ಕೂ ಹೊತ್ತಿಗೆ ಶುರು ಮಾಡುವುದು ಅಷ್ಟೇ ಮುಖ್ಯ. ಅಮೆರಿಕದ ಪ್ಲಾಸ್ಟಿಕ್ ಡಬ್ಬಿ ಕಂಪನಿ ಟಪ್ಪರ್‌ವೇರ್ 1951ರಲ್ಲಿ ಅಂಗಡಿಗಳನ್ನು ಬಿಟ್ಟು ಮನೆಕೂಟಗಳಲ್ಲೇ ಮಾರಲು ಹೊರಟಿದ್ದು, ಮುಚ್ಚಳ ಒತ್ತಿ ಗಾಳಿ ಬಿಡುವುದನ್ನು ಕಣ್ಣೆದುರು ತೋರಿಸಿದಾಗ ಅದು ಚೆನ್ನಾಗಿ ಮಾರಾಟವಾಗುತ್ತಿತ್ತು ಎಂಬ ಕಾರಣಕ್ಕೆ. ಆ ಭಾಗ ತಪ್ಪಿಸಿಕೊಂಡವರಿಗೆ ಡಬ್ಬಿ ಬರೀ ದುಬಾರಿ ಪ್ಲಾಸ್ಟಿಕ್ಕಾಗಿ ಕಾಣುತ್ತದೆ.

ಬೇಗ ಬಂದವರಿಗೆ ರಿಯಾಯಿತಿ ಕೊಡಬೇಡಿ. ಒಂದೇ ಹಾಲ್‌ನಲ್ಲಿ ಒಂದೇ ಬಗೆಯ ಸೀರೆಗೆ ಎರಡು ಬೆಲೆಯಾದರೆ ಅಕ್ಕಪಕ್ಕದ ಮನೆಗಳ ನಡುವೆ ಮಾತು ನಿಲ್ಲುತ್ತದೆ. ವಾಸನೆ ಹೊಡೆಯುವ ಅಗ್ಗದ ಪ್ಲಾಸ್ಟಿಕ್ ಬಟ್ಟಲುಗಳನ್ನು ಉಡುಗೊರೆ ಎಂದು ಹಂಚುವುದೂ ಬೇಡ. ಬಹುಮಾನಕ್ಕೆ ಚೀಟಿ ಎತ್ತುವುದು ಒಳ್ಳೆಯದು: 4.15ರೊಳಗೆ ಬಂದವರಿಗೆ ಎರಡು ಚೀಟಿ, 4.30ರವರೆಗೆ ಒಂದು, ಆಮೇಲೆ ಡಬ್ಬಿ ಮುಚ್ಚಿತು. ಎಷ್ಟೇ ಹತ್ತಿರದ ನೆಂಟರು ಬಂದರೂ ಮತ್ತೆ ತೆರೆಯಬಾರದು. ಚೀಟಿ ಎತ್ತುವುದು 5.40ಕ್ಕೆ, ಬಹುಮಾನ ಒಂದು ಒಳ್ಳೆಯ ಸ್ಟೀಲ್ ಪಾತ್ರೆ.

ಪವರ್‌ಲೂಮ್ ಸೀರೆಗೆ ಮೊಳಕಾಲ್ಮೂರು ಎಂದು ಹೆಸರಿಟ್ಟು ಮಾರುವವರನ್ನು ಮನೆಗೆ ಕರೆಸಬೇಡಿ. ಚಿತ್ರದುರ್ಗ ಜಿಲ್ಲೆಯ ಆ ಸೀರೆಗೆ, ಆ ಊರಿನದೇ ಎಂಬ ಗುರುತಾದ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಅಸಲಿ ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ತೋರಿಸಲು ಹೇಳಿ. ಒಮ್ಮೆ ಮೋಸ ಹೋದವರು ಮುಂದಿನ ಸಲ ತಡವಾಗಿಯೂ ಬರುವುದಿಲ್ಲ.

ಹೂವು, ಕುಂಕುಮ, ಮಂಡಕ್ಕಿ

ಬಂದ ಕೂಡಲೇ ಅರಿಶಿನ ಕುಂಕುಮ ಕೊಡುವ ಪದ್ಧತಿಯಿದ್ದರೆ ಒಮ್ಮೆ ಯೋಚಿಸಿ. ಗಂಡನನ್ನು ಕಳೆದುಕೊಂಡವರು ಆ ಹೊತ್ತು ತಪ್ಪಿಸಲೆಂದೇ ತಡವಾಗಿ ಬರುತ್ತಾರೆ. ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಇದು ವ್ಯಾಪಾರದ ಕೂಟ. ಬಾಗಿಲಲ್ಲೇ ಎಲ್ಲರಿಗೂ, ಭೇದವಿಲ್ಲದೆ, ಒಂದೇ ಅಳತೆಯ ಮಲ್ಲಿಗೆ ದಂಡೆ ಕೊಡಿ. ಪಕ್ಕದ ಮುಸ್ಲಿಂ, ಕ್ರೈಸ್ತ ಮನೆಯವರಿಗೂ ಆಗ ಮುಜುಗರವಿಲ್ಲ.

ತಿಂಡಿಯ ಹೊತ್ತನ್ನು ಸಂದೇಶದಲ್ಲಿ ಬರೆಯಬೇಡಿ, ಜನ ಅದಕ್ಕೆ ಸರಿಯಾಗಿ ಬರುತ್ತಾರೆ. ಬಂದವರಿಗೆ ನೀರು, ಬೇಸಿಗೆಯಾದರೆ ಮಜ್ಜಿಗೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ 5.15ಕ್ಕೆ. ಮಂಡಕ್ಕಿಯನ್ನು 5.10ಕ್ಕಿಂತ ಮೊದಲು ಕಲಸಬೇಡಿ, ಮೆತ್ತಗಾಗುತ್ತದೆ. ಎಣ್ಣೆಯ ಕೈ ಸೀರೆಗೆ ತಾಗದಂತೆ ತಟ್ಟೆಗಳು ಊಟದ ಕೋಣೆಯಲ್ಲಿರಲಿ, ಕೈ ಒರೆಸಲು ಬಟ್ಟೆ ಇಟ್ಟಿರಿ.

5.30ಕ್ಕೆ ಬಿಲ್ಲು, 5.40ಕ್ಕೆ ಚೀಟಿ, 5.45ಕ್ಕೆ ಗಂಟು ಕಟ್ಟಬೇಕು. ಯಾರಾದರೂ ಆಗ ಒಳಗೆ ಬಂದು ‘ಇನ್ನೊಂದು ಸಲ ಬಿಚ್ರಿ’ ಎಂದರೂ ಬಿಚ್ಚಬೇಡಿ. ಚಹಾ ಕೊಟ್ಟು, ಗಂಟು ರಾತ್ರಿ ಅಲ್ಲೇ ಉಳಿಯುವುದಾದರೆ ಮರುದಿನ ಬೆಳಿಗ್ಗೆ 11ಕ್ಕೆ ಬರಲು ಹೇಳಿ. ಎಲ್ಲರೂ ಹೋದ ಮೇಲೆ ನೋಟ್‌ಬುಕ್‌ನಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಬಂದ ಹೊತ್ತು, ಯಾರ ಜೊತೆ ಬಂದರು ಎಂಬುದನ್ನು ಬರೆದಿಡಿ. ಮುಂದಿನ ಸಲ ಜೋಡಿ ಕಟ್ಟುವುದು ಅದೇ ಹಾಳೆ ನೋಡಿ.